ನಲವತ್ತೊಂದನೇ ಫೋಟೋದ ದಂಪತಿ

ಗ್ಲೆಂಡೇಲ್ ಹೈಟ್ಸ್
14 ಅಕ್ಟೋಬರ್ 2024

ಬದರೀನಾಥರಿಗೆ,

ಹೆಸರು ಹಿಡಿದು ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ‘ರೀ’ ಅನ್ನುವ ಅಭ್ಯಾಸ ಬೇರೆಯಾದ ಈ ಆರು ವರ್ಷದಲ್ಲಿ ತಪ್ಪಿಹೋಯಿತು. ನಿಮ್ಮ ಷಷ್ಟ್ಯಬ್ದಿಯ ಆಹ್ವಾನ ಪತ್ರಿಕೆ ತಲುಪಿತು. ಹೆಂಡತಿ ಪಕ್ಕದಲ್ಲಿ ಕೂರದಿದ್ದರೆ ಶಾಂತಿ ಮಾಡಿಸಲು ಬರುವುದಿಲ್ಲ ಅಂತ ಪುರೋಹಿತರು ಹೇಳಿದ್ದಾರೆಂದು ಅನು ಫೋನ್ ಮಾಡಿದ್ದಳು. ಮಗಳ ಬಾಯಲ್ಲಿ ಹೇಳಿಸಿದಿರಿ, ನಿಮಗೆ ಬಾಯಿ ಬರಲಿಲ್ಲ.

ಶನಿವಾರ ಶನಿವಾರ ನಾನು ಶಿಕಾಗೋ ಚೈನಾಟೌನಿನ ಒಂದು ಪುಟ್ಟ ಮ್ಯೂಸಿಯಮ್ಮಿಗೆ ಹೋಗುತ್ತೇನೆ, ಸಂಬಳವಿಲ್ಲದ ಕೆಲಸ. ನೂರು ವರ್ಷದ ಹಿಂದೆ ಇಲ್ಲಿಗೆ ಬಂದ ಚೀನೀಯರ ಸ್ಟುಡಿಯೋ ಫೋಟೋಗಳು ಡಬ್ಬಗಟ್ಟಲೆ ಇವೆ, ಒಂದರ ಹಿಂದೆಯೂ ಹೆಸರಿಲ್ಲ. ಅಲ್ಲಿನ ಹಿರಿಯರ ಮುಂದೆ ಹರಡಿ, ಇವರು ಯಾರು ಅಂತ ಕೇಳಿ ಬರೆದುಕೊಳ್ಳುವುದು ನನ್ನ ಪಾಲು. ನಲವತ್ತೊಂದನೇ ಫೋಟೋದಲ್ಲಿ ಒಬ್ಬ ಗಂಡಸು, ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು. ನಾನು ಮಹಾ ಜಾಣೆಯ ಹಾಗೆ ‘ಹೆಸರು ತಿಳಿಯದ ದಂಪತಿ, ಒಟ್ಟಿಗೆ’ ಅಂತ ಚೀಟಿ ಅಂಟಿಸಿದ್ದೆ.

ಮೊನ್ನೆ ತೊಂಬತ್ತು ದಾಟಿದ ಮಿಸೆಸ್ ಮೋಯ್ ಅದನ್ನು ನೋಡಿ, ಇವರು ನನ್ನ ತಾತ, ಅಜ್ಜಿ ಅಂದರು. ನನ್ನ ಚೀಟಿ ಓದಿ ನಕ್ಕುಬಿಟ್ಟರು. ತಾತ ಇಲ್ಲಿ ಲಾಂಡ್ರಿ ಇಟ್ಟಿದ್ದರಂತೆ. ಅಜ್ಜಿಯನ್ನು ಕರೆಸಿಕೊಳ್ಳಲು ಇಲ್ಲಿನ ಕಾನೂನು ಬಿಡಲಿಲ್ಲವಂತೆ. ಆಕೆ ಚೀನಾದ ಊರಿನಲ್ಲಿ ಒಬ್ಬಳೇ ಕೂತು ತೆಗೆಸಿ ಕಳಿಸಿದ ಫೋಟೋವನ್ನು ಸ್ಟುಡಿಯೋದವನು ತಾತನ ಪಕ್ಕಕ್ಕೆ ಕೂಡಿಸಿದನಂತೆ. ನೆರಳು ನೋಡು ಅಂದರು. ಅವನದು ಎಡಕ್ಕೆ, ಅವಳದು ಬಲಕ್ಕೆ. ಮದುವೆಯಾದ ಒಂದು ವರ್ಷ ಬಿಟ್ಟರೆ ಅವರು ಜೊತೆಗೆ ಇದ್ದದ್ದೇ ಇಲ್ಲ.

ಮನೆಗೆ ಬಂದು ನಿಮ್ಮ ಪತ್ರಿಕೆಯನ್ನು ದೀಪಕ್ಕೆ ಹಿಡಿದೆ. ಮುಖಪುಟದಲ್ಲಿ ನಾವಿಬ್ಬರೂ ನಗುತ್ತಿದ್ದೇವೆ. ಆ ಹಸಿರು ಸೀರೆ ನಾನು ಉಟ್ಟಿದ್ದು ಅನುವಿನ ಗ್ರಾಜುಯೇಷನ್ನಿಗೆ. ಅವತ್ತು ನೀವು ಬಂದೇ ಇರಲಿಲ್ಲ! ನಿಮ್ಮ ನೆರಳು ಎಡಕ್ಕಿದೆ, ನನ್ನದು ಬಲಕ್ಕೆ. ಯಾರ ಕೈಲಿ ಕೂಡಿಸಿದಿರೋ, ಥೂ. ಅವರಿಗೆ ಕಾನೂನು ಅಡ್ಡ ಬಂತು ರೀ. ನಿಮಗೇನು ಬಂದಿತ್ತು? ನೀವಿರುವ ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಇಲ್ಲಿಗೆ ಐದು ಗಂಟೆಯ ಡ್ರೈವ್.

ನಾನು ಬರುವುದಿಲ್ಲ. ಪಕ್ಕದ ಮಣೆಯ ಮೇಲೆ ಆ ಪತ್ರಿಕೆಯನ್ನೇ ಇಟ್ಟುಕೊಳ್ಳಿ. ನಲವತ್ತೊಂದರ ಚೀಟಿಯಲ್ಲಿ ಇಬ್ಬರ ಹೆಸರನ್ನೂ ಬರೆದು, ‘ಒಟ್ಟಿಗೆ’ ಅನ್ನುವುದನ್ನು ಹೊಡೆದುಹಾಕಿದ್ದೇನೆ.

ಇಂತಿ,
ಪದ್ಮ

ಇನ್ನೊಂದು ಮಾತು: ಷಷ್ಟ್ಯಬ್ದಿ ಇದೆಯೆಂದು ಅನು ಹೇಳಿದ ದಿನವೇ ರೇಷ್ಮೆ ಸೀರೆಗೆ ಹೊಸ ರವಿಕೆ ಹೊಲಿಯಲು ಕೊಟ್ಟಿದ್ದೆ. ನೀವೇ ಒಂದು ಸಲ ಫೋನ್ ಮಾಡಿ ಬಾ ಅನ್ನುತ್ತೀರೆಂದು ಮೂರು ವಾರ ಕಾದೆ.