ಮುಚ್ಚಳದ ಸಾಕ್ಷಿ

ಹೊಸ ಔಷಧಗಳ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕೈ ನಡುಗುವ ರೋಗಿಗಳಿಗೆ ಒತ್ತಿ ಹಿಡಿದು ತಿರುಗಿಸುವ ಬಿಗಿ ಮುಚ್ಚಳದ ಸೀಸೆ ಕೊಡಬೇಕೆಂದು ನಿಮ್ಮಲ್ಲಿ ಯಾರಿಗೆ ಹೊಳೆಯಿತು? ಅದು ಎಷ್ಟು ಸಲ ತೆರೆಯಿತೆಂದು ಮುಚ್ಚಳದೊಳಗಿನ ಯಂತ್ರ ಎಣಿಸುತ್ತದಂತೆ. ಒಂಬತ್ತು ಮಂದಿ ಮಹನೀಯರು ಮೇಜಿನ ಸುತ್ತ ಕೂತು ಇದಕ್ಕೆ ತಲೆಯಾಡಿಸಿದಿರಂತೆ. ಆ ಹದಿನೆಂಟು ಕೈಗಳಲ್ಲಿ ಒಂದಾದರೂ ನಡುಗುತ್ತಿತ್ತೇ?

ನನ್ನ ಅಕ್ಕ ಟೈಲರ್. ಹೊಲಿಗೆ ಯಂತ್ರ ತುಳಿದೇ ನನ್ನನ್ನು ಸಾಕಿದವಳು. ನಡುಕದ ಕಾಯಿಲೆ ಬಂದು ಸೂಜಿ ಹಿಡಿಯಲಾಗದೆ ಕೂತಾಗ ನಿಮ್ಮ ಪ್ರಯೋಗಕ್ಕೆ ಸೇರಿದಳು. ನಾಲ್ಕು ತಿಂಗಳಿಗೆಂದು ನಾಲ್ಕು ಸೀಸೆ ಕೊಟ್ಟಿರಿ. ಅವಳ ಮಾತ್ರೆ ಬೆಳಿಗ್ಗೆ ಎಂಟಕ್ಕೆ. ಬಸ್ ಡ್ರೈವರಾದ ನಾನು ಆರಕ್ಕೇ ಡಿಪೋದಲ್ಲಿರಬೇಕು. ಮೊದಲ ದಿನ ಅವಳು ಸೀಸೆಯನ್ನು ಮಂಡಿಗಳ ನಡುವೆ ಇಟ್ಟು ತಿರುಗಿಸಿದಳು, ಹಲ್ಲಿನಿಂದ ಕಚ್ಚಿದಳು. ಸಂಜೆ ನಾನು ಬಂದಾಗಲೂ ಅದು ತೆರೆದಿರಲಿಲ್ಲ.

“ದಿನಾ ನಿನ್ನ ದಾರಿ ಕಾಯಕ್ಕಾಗುತ್ತೇನೋ? ಎಲ್ಲಾ ಒಂದೇ ಸಲ ತೆಗೆದು ಗುಂಡಿ ಡಬ್ಬಿಗೆ ಹಾಕ್ಬಿಡು” ಎಂದಳು.

ಅಂಗಿಯ ಗುಂಡಿಗಳನ್ನು ಸುರಿದು, ಡಬ್ಬಿ ತೊಳೆದು, ಮಾತ್ರೆ ತುಂಬಿಸಿದೆ. ತಿಂಗಳಿಗೊಮ್ಮೆ ನಾನು ಸೀಸೆ ತೆರೆದೆ, ಅವಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದಳು. ನಾಲ್ಕನೇ ತಿಂಗಳು ನನ್ನ ಡ್ಯೂಟಿ ಅಂಗಿಗೆ ಒಂದು ಗುಂಡಿ ಹೊಲಿದಳು. ಓರೆಯಾಗಿತ್ತು. ನನಗೆ ಅಳು ಬಂತು.

ಮುಂದಿನ ಸೀಸೆಗೆಂದು ಆಸ್ಪತ್ರೆಗೆ ಹೋದರೆ, ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿದರು. ನಾಲ್ಕು ತಿಂಗಳಲ್ಲಿ ನಾಲ್ಕೇ ಸಲ ತೆರೆದಿದೆ, ಆದ್ದರಿಂದ ರೋಗಿ ಔಷಧ ಸೇವಿಸಿಲ್ಲ, ಆದ್ದರಿಂದ ಕೈಬಿಡಲಾಗಿದೆ. ಡಬ್ಬಿಯ ಕಥೆ ಹೇಳಿದೆ. “ಮುಚ್ಚಳ ಹೇಳಿದ್ದನ್ನೇ ನಾವು ನಂಬೋದು ಸಾರ್” ಎಂದರು. ಅಕ್ಕ ಸುಳ್ಳು ಹೇಳಬಹುದು, ಮುಚ್ಚಳ ಹೇಳುವುದಿಲ್ಲವಲ್ಲ. ಹೊರಗಿನ ಬೆಂಚಿನ ಮೇಲೆ ಇದೇ ತಪ್ಪಿಗೆ ಹೊರಬಿದ್ದ ಇನ್ನೂ ಆರು ಮಂದಿಯಿದ್ದರು. ಒಬ್ಬರು ಮಾತ್ರೆಗಳನ್ನು ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರಂತೆ. ಔಷಧವನ್ನು ಪರೀಕ್ಷಿಸಲು ಹೊರಟ ನೀವು ಪರೀಕ್ಷಿಸಿದ್ದು ನಮ್ಮವರ ಬೆರಳಿನ ಕಸುವನ್ನು. ಕಸುವಿದ್ದಿದ್ದರೆ ಅವರು ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದರು?

ಈಗ ಅವಳ ನೀರಿನ ಲೋಟವನ್ನೂ ನಾನೇ ಹಿಡಿಯಬೇಕು. “ನಾನು ದಿನಾ ತಗೊಂಡೆ ಅಂತ ಅವರಿಗೆ ಸರಿಯಾಗಿ ಹೇಳಿದ್ಯಾ?” ಎಂದು ಮತ್ತೆ ಮತ್ತೆ ಕೇಳುತ್ತಾಳೆ. ಹೇಳಿದೆ ಎಂದರೂ ನಂಬುವುದಿಲ್ಲ.

ಅವಳನ್ನು ಪ್ರಯೋಗಕ್ಕೆ ಮರಳಿ ಸೇರಿಸಿ. ಕಡತದಲ್ಲಿ ಬರೆದ ಸುಳ್ಳನ್ನು ಹೊಡೆದುಹಾಕಿ. ಮುಂದಿನ ಪ್ರಯೋಗದ ರೂಪುರೇಷೆ ಬರೆಯುವ ದಿನ ಆ ಕಾಯಿಲೆಯವರನ್ನೇ ಮೇಜಿಗೆ ಕರೆದು, ಸೀಸೆಯನ್ನು ಮೊದಲು ಅವರ ಕೈಗೆ ಕೊಡಿ. ಅವರು ಅದನ್ನು ತೆರೆಯುವವರೆಗೆ ಒಬ್ಬರೂ ಎದ್ದು ಹೋಗಬೇಡಿ.

ಇಂತಿ,
ನಾಲ್ಕೇ ಸಲ ಮುಚ್ಚಳ ತೆರೆದು ಅಕ್ಕನ ಔಷಧ ತಪ್ಪಿಸಿದವನು

ಕೆಳಗಿರುವುದು ಮಸಿ ಚೆಲ್ಲಿದ ಗುರುತಲ್ಲ, ಅಕ್ಕನ ಸಹಿ. ಹಾಕಲು ಹತ್ತು ನಿಮಿಷ ಹಿಡಿಯಿತು.