ಹನಿ ನುಂಗಿದ ಹದಿನೇಳನೆಯ ಸಾಲು

ಡುಲೂತ್, ಮಿನೆಸೋಟ
ಫೆಬ್ರುವರಿ ೯, ಗುರುವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಲೆನಾ ಅತ್ತೆ ಬೇಡವೆಂದರೂ ನೀನು ದಿನಾ ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕಿಕೊಂಡು ಕೂರುತ್ತೀಯಂತೆ. ಕಾಲುಚೀಲವನ್ನಾದರೂ ಎರಡು ಜೊತೆ ಹಾಕಿಕೋ. ನಾನು ಚೆನ್ನಾಗಿದ್ದೇನೆ, ಆದರೆ ಇವತ್ತು ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿದೆ.

ನಮ್ಮ ಆಫೀಸಿನಲ್ಲಿ ನಿನ್ನ ಕುರ್ಚಿಯಲ್ಲಿ ಈಗ ಗ್ಯಾರೆಟ್ ಲಿಂಡಾಲ್ ಕೂತಿದ್ದಾನೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಮೂರು ಪರದೆ ಇಟ್ಟುಕೊಂಡಿದ್ದಾನೆ, ಒಂದನ್ನೂ ಓದುವುದಿಲ್ಲ. ನೀನು ಬರೆದ ಹನಿ ಎಣಿಸುವ ಪ್ರೋಗ್ರಾಂ ಆಸ್ಪತ್ರೆಯ ಡ್ರಿಪ್ ಪಂಪುಗಳಲ್ಲಿ ಹದಿನಾಲ್ಕು ವರ್ಷ ಒಂದು ಹನಿ ತಪ್ಪದೆ ನಡೆಯಿತು. ಸೆಪ್ಟೆಂಬರಿನಲ್ಲಿ ಈ ಮಹಾಶಯ ಅದನ್ನು ತಪ್ಪು ಹುಡುಕುವ ಡಿಬಗರಿನಲ್ಲಿ ಪ್ರತಿ ಹನಿಗೂ ನಿಲ್ಲಿಸಿ ವೇರಿಯಬಲ್‌ಗಳ ಬೆಲೆ ನೋಡಿದ. ಹತ್ತು ಹನಿ ಬಿದ್ದರೆ ಎಣಿಕೆ ಐದೇ. "ಮುದುಕನ ಕೋಡ್‌ಗೆ ಪೊರೆ ಬಂದಿದೆ ಕಣ್ರಪ್ಪಾ" ಎಂದು ಎಲ್ಲರೆದುರು ಹಲ್ಲು ಕಿರಿದ. ನೀನು ಮೂರು ವಾರ ಹುಡುಕಿ, ಏನೂ ಸಿಗದೆ, ರೋಗಿಗಳನ್ನು ನೆನೆದು ನಿದ್ದೆಗೆಟ್ಟು ಕೊನೆಗೆ ರಾಜೀನಾಮೆ ಕೊಟ್ಟೆ. ಮೂವತ್ತೊಂದು ವರ್ಷಕ್ಕೆ ಅವರು ಕೊಟ್ಟ ಬೀಳ್ಕೊಡುಗೆ ಒಂದು ಪೆಟ್ಟಿಗೆ ಡೋನಟ್.

ಇವತ್ತು ನನಗೆ ಹೊಸ ಕಂಪ್ಯೂಟರ್ ಬಂತು. ಯಾವ ಬೆಲೆಗಳ ಮೇಲೆ ಕಣ್ಣಿಡಬೇಕೆಂಬ ಆ ವಾಚ್ ಪಟ್ಟಿಯನ್ನು ನಮ್ಮಲ್ಲಿ ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುತ್ತೇವಲ್ಲ, ಅದನ್ನು ಹಾಕುವ ಮೊದಲೇ ಗ್ಯಾರೆಟ್ ಮಾಡಿದ ಅದೇ ಪರೀಕ್ಷೆ ನಡೆಸಿದೆ. ಹತ್ತಕ್ಕೆ ಹತ್ತು! ಪಟ್ಟಿ ಹಾಕಿದೆ, ಐದು. ಒಂದೊಂದೇ ಸಾಲು ಅಳಿಸುತ್ತ ಬಂದೆ. ಹದಿನೇಳನೆಯ ಸಾಲಿನಲ್ಲಿ ವೇರಿಯಬಲ್ಲೇ ಇರಲಿಲ್ಲ. 'ಮುಂದಿನ ಹನಿ ಕೊಡು' ಎಂದು ಸೆನ್ಸರನ್ನು ಕೇಳುವ ನಿನ್ನ ಫಂಕ್ಷನ್ ಇತ್ತು. ಪ್ರೋಗ್ರಾಂ ನಿಂತಾಗಲೆಲ್ಲ ಬೆಲೆ ತೋರಿಸಲೆಂದು ಡಿಬಗರ್ ಅದನ್ನು ನಡೆಸುತ್ತದೆ, ಒಂದು ಹನಿಯನ್ನು ತಾನೇ ನುಂಗುತ್ತದೆ. ನಿನ್ನ ಎಣಿಕೆಗೆ ಆ ಹನಿ ಸಿಗುವುದೇ ಇಲ್ಲ. ಪಂಪಿಗೂ ನಿನ್ನ ಕೋಡಿಗೂ ಏನೂ ಆಗಿಲ್ಲ ಅಪ್ಪಾ, ಯಾವ ರೋಗಿಗೂ ಒಂದು ಹನಿ ಹೆಚ್ಚುಕಡಿಮೆಯಾಗಿಲ್ಲ.

ಐದು ತಿಂಗಳಲ್ಲಿ ಒಮ್ಮೆಯಾದರೂ ಪಟ್ಟಿ ಮುಚ್ಚಿ ನೋಡೋಣವೆಂದು ಆ ಹೆಡ್ಡನಿಗೆ ಹೊಳೆಯಲಿಲ್ಲ. ನೀನೂ ಅದೇ ಪಟ್ಟಿ ಇಟ್ಟುಕೊಂಡೇ ಹುಡುಕಿದೆ, ಅದು ಬೇರೆ ಮಾತು. ನಿನಗೆ ಜನರ ಮೇಲೆ ನಂಬಿಕೆ ಜಾಸ್ತಿ. ಎಲ್ಲವನ್ನೂ ಗ್ಯಾರೆಟ್‌ಗೆ ತೋರಿಸಿದೆ. ನಾಚಿಕೆಯಾದರೂ ಆದೀತೆಂದುಕೊಂಡರೆ, ಕಾಫಿ ಹೀರುತ್ತ ನಿನ್ನ ಹೆಸರನ್ನೇ ಎತ್ತಿ, "ಆ ಸಾಲು ಸೇರ್ಸಿದ್ದು ಆರ್ವಿಡ್ಡೇ ಇರ್ಬೇಕು, ಇನ್ಯಾರು? ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದ" ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು. ಥೂ, ಬೆನ್ನುಮೂಳೆ ಇಲ್ಲದ ಜನ!

ಅತ್ತೆಗೆ ನನ್ನ ನೆನಪು ಹೇಳು. ಅವಳು ಕಳಿಸಿದ ಉಪ್ಪಿನಲ್ಲಿಟ್ಟ ಮೀನು ಮುಗಿಯಿತು. ಮೈ ಬೆಚ್ಚಗಿರಲಿ.

ನಿನ್ನ ಮಗಳು,
ಸಿಗ್ನೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಆ ಸಾಲು ಸೇರಿಸಿದ್ದು ನಾನು, ಆಗಸ್ಟಿನಲ್ಲಿ, ಅವಸರದಲ್ಲಿ. ಇವತ್ತು ಕಂಡ ತಕ್ಷಣ ಗುರುತು ಸಿಕ್ಕಿತು. ಗ್ಯಾರೆಟ್ ನಿನ್ನ ಹೆಸರು ಹೇಳಿ ನಕ್ಕಾಗ ನಾನು ಸುಮ್ಮನೆ ನಿಂತಿದ್ದೆ. ನಾಳೆ ಬೆಳಿಗ್ಗೆ ಎಲ್ಲರೆದುರು ಹೇಳುತ್ತೇನೆ. ಈಗಲೇ ಹೋಗಿ ಈ ಪತ್ರವನ್ನು ಅಂಚೆಡಬ್ಬಿಗೆ ಹಾಕಿ ಬರುತ್ತೇನೆ, ನಾಳೆ ನನಗೆ ಧೈರ್ಯ ಸಾಲದೆ ಹೋದರೂ ನಿನಗೆ ಗೊತ್ತಿರುತ್ತದೆ.