ಹಲ್ಲಿಗೊಂದು ಕೊಂಬು

ಕುಷಾಯಿಗೂಡ, ಹೈದರಾಬಾದ್
10 ಮಾರ್ಚ್ 2024, ಭಾನುವಾರ

ಪ್ರೀತಿಯ ಭಕ್ತಿ,

ಮೊದಲು ಆಶೀರ್ವಾದ, ಆಮೇಲೆ ಕ್ಷಮೆ. ಅಪ್ಪಂದಿರ ಪತ್ರಗಳಲ್ಲಿ ಸರತಿ ಹಾಗೇ ಇರುತ್ತದೆ, ಏನು ಮಾಡಲಿ. ನಿನ್ನ ಪತ್ರಕ್ಕೆ ಉತ್ತರ ಸ್ವಲ್ಪ ತಡವಾಯಿತು. ನಾಲ್ಕು ವರ್ಷವನ್ನು ‘ಸ್ವಲ್ಪ’ ಎನ್ನುವ ಧೈರ್ಯ ಹಲ್ಲಿನ ಡಾಕ್ಟರಿಗಲ್ಲದೆ ಇನ್ಯಾರಿಗಿದೆ? ‘ಸ್ವಲ್ಪ ನೋಯುತ್ತದೆ’ ಎಂದು ಮೂವತ್ತೈದು ವರ್ಷ ಹೇಳಿ ನಾಲಿಗೆಗೆ ರೂಢಿಯಾಗಿದೆ.

ಅಮ್ಮ ಚೆನ್ನಾಗಿದ್ದಾಳೆ. ಅದು ನನಗಿಂತ ನಿನಗೇ ಹೆಚ್ಚು ಗೊತ್ತು. ದಿನಾ ಸಂಜೆ ನೀವಿಬ್ಬರೂ ಫೋನಿನಲ್ಲಿ ಮಾತಾಡುವಾಗ ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿರುತ್ತೇನೆ. ಒಂದೇ ಪುಟವನ್ನು. ನಮ್ಮ ನಲ್ಲಿಗೆ ಕೃಷ್ಣೆ ದಿನ ಬಿಟ್ಟು ದಿನ ಬರುತ್ತಾಳೆ, ನಿನ್ನಮ್ಮ ಗೋದಾವರಿಯ ಹರಿವಿಗೆ ಮಾತ್ರ ರಜೆಯಿಲ್ಲ. ಭಕ್ತಿ ಮನೆ ಬಿಟ್ಟ ಮೇಲೆ ಇಲ್ಲಿ ಬರೀ ಪೂಜೆ ಉಳಿದಿದೆ ಎಂದು ಮೊನ್ನೆ ಅವಳ ಮುಂದೆ ಹೇಳಿದೆ. ನಗಲಿಲ್ಲ.

ಈಗ ವಿಷಯ. ಇದನ್ನು ಅಪ್ಪನ ಪತ್ರ ಎಂದುಕೊಳ್ಳಬೇಡ, ರೋಗಿಯ ಪತ್ರ ಎಂದುಕೊ. ಕಛ್‌ನ ಮರುಭೂಮಿಯ ಅಂಚಿನಲ್ಲಿ ಯಾವ ಹುಲ್ಲು ಯಾಕೆ ಬದುಕುತ್ತದೆ ಎಂದು ನೋಡುವುದೇ ನಿನ್ನ ಉದ್ಯೋಗ. ನನ್ನ ಪ್ರಶ್ನೆ ಒಂದೇ: ನಮ್ಮ ಹಿತ್ತಿಲಿಗೆ ಲಾನ್ ಹಾಕಬೇಕೋ, ಬೇಡವೋ?

ಈ ಹುಚ್ಚು ಹಚ್ಚಿದವರು ಪಕ್ಕದ ಮನೆಯ ಸಿದ್ದರಾಮಪ್ಪನವರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಹಿತ್ತಿಲಿಗೆ ಹಸಿರು ಹಾಸಿದ್ದಾರೆ. ನೋಡಲು ಹೋದರೆ ಬಾಗಿಲಲ್ಲೇ ತಡೆದರು. “ಡಾಕ್ಟ್ರ, ಚಪ್ಪಲ್ ಬಿಟ್ಟು ಬರ್ರಿ. ಗರ್ಭಗುಡಿ ಐತಿದು.” ನೀರೆಲ್ಲಿಂದ ಎಂದೆ. “ಟ್ಯಾಂಕರ್ ತರಸ್ತೀವ್ರಿ. ನಾವು ಕುಡಿಯೋದು ಕಮ್ಮಿ ಮಾಡೀವಿ.” ಬರಿಗಾಲಿಟ್ಟೆ. ಭಕ್ತಿ, ಸುಳ್ಳು ಹೇಳುವುದಿಲ್ಲ, ಅಂಗಾಲಿಗೆ ಕಚಗುಳಿಯಾಯಿತು. ಕ್ಲಿನಿಕ್ ಮುಚ್ಚಿ ಎಂಟು ತಿಂಗಳಾದ ಮೇಲೆ ನನ್ನ ಮೈಯಲ್ಲಿ ಮೊದಲ ಬಾರಿ ಏನೋ ನಕ್ಕಿತು.

ಮನೆಗೆ ಬಂದು ಹೇಳಿದರೆ ನಿನ್ನಮ್ಮ ಸೌಟು ಹಿಡಿದೇ ಹೊರಗೆ ಬಂದಳು. “ಇನ್ನೂ ಶಿವರಾತ್ರಿ ಆಗಿಲ್ಲ, ನಲ್ಲಿ ಕೆಮ್ಮಲಿಕ್ಕತ್ತದ. ನೀವು ಹುಲ್ಲಿಗೆ ನೀರು ಕುಡಸ್ತೀರಂತ! ವಯಸ್ಸಾದ್ರ ಮಂದಿಗೆ ಹಲ್ಲು ಹೋಗ್ತಾವ, ನಿಮಗ ಬ್ಯಾರೆ ಏನೋ ಹೋಗೇದ.”

ಸರಿ, ವಾದ ಬೇಡ, ಪ್ರಯೋಗವೇ ಆಗಲಿ ಎಂದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರಡಿ ಉದ್ದ, ಮೂರಡಿ ಅಗಲದ ಜಾಗ. ನರ್ಸರಿಯಿಂದ ಚಾಪೆಯಂತೆ ಸುತ್ತಿದ ಹುಲ್ಲು ತಂದೆ. ನೆಲ ಅಗೆಯಲು ರಸ್ತೆಯ ಕೊನೆಯಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಿಂದ ಒಬ್ಬನನ್ನು ಕರೆತಂದೆ. ಅವನು ಹಿಂದಿಯಲ್ಲಿ “ಸಾಬ್, ಘಾಸ್ ಕಹಾಂ ಲಗಾನಾ?” ಎಂದ. ನಾನು ತೆಲುಗಿನಲ್ಲಿ “ಗಡ್ಡಿ ಇಕ್ಕಡ” ಎಂದೆ. ಒಂದು ಗಂಟೆ ಹೀಗೇ ಸಾಗಿತು. ಹುಲ್ಲು ಎಂಬ ಶಬ್ದ ಇಬ್ಬರ ಬಾಯಲ್ಲೂ ಇತ್ತು, ಇಬ್ಬರೂ ನುಂಗಿಕೊಂಡಿದ್ದೆವು. ಕೊನೆಗೆ ಸಲಿಕೆ ಬಂಡೆಗೆ ತಾಗಿ ಕಾಲಿನ ಮೇಲೆ ಬಿತ್ತು. “ಯವ್ವಾ! ಸತ್ತನ್ಯೋ!”

“ಕನ್ನಡದವನೇನೋ ನೀನು?” ಎಂದೆ.

ಅವನು ಕಾಲು ಹಿಡಿದುಕೊಂಡೇ ನಕ್ಕ. “ಶಹಾಪುರದ ಕಡೆಯಾಂವ್ರಿ, ಗೊಲ್ಲಾಳಪ್ಪ ಅಂತ. ಮೊದಲ ಹೇಳಬಾರದೇನ್ರಿ? ಮುಂಜಾನಿಂದ ನಾಲಿಗಿ ಹೊರಳಿಸಿ ಹೊರಳಿಸಿ ಹಲ್ಲು ನೋಯಾಕತ್ತಾವು.”

ಅವನ ಬಾಯಿ ತೆರೆಸಿ ನೋಡಿದೆ. ಕೆಳಗಿನ ಬಲ ದವಡೆಹಲ್ಲು ನಿಜವಾಗಿಯೂ ಕೆಟ್ಟಿತ್ತು. ಅದಿರಲಿ. ಚಹಾ ಕುಡಿಯುತ್ತ ಅವನು ಕೇಳಿದ ಪ್ರಶ್ನೆಯನ್ನು ನಿನ್ನ ಗುರುಗಳೂ ಕೇಳಿರಲಾರರು.

“ಸರ, ಇದನ್ನ ತಿನ್ನೋರು ಯಾರ್ರಿ?”

“ಯಾರೂ ಇಲ್ಲ.”

“ಮತ್ತ ಬೆಳದ್ರ?”

“ಕತ್ತರಿಸೋದು.”

“ಕತ್ತರಿಸಿ?”

“ಚೆಲ್ಲೋದು.”

ಗೊಲ್ಲಾಳಪ್ಪ ಲೋಟ ಕೆಳಗಿಟ್ಟ. “ನೀರ ಹಾಕಿ ಬೆಳಸೋದು, ಬೆಳದ್ರ ಕೊಯ್ಯೋದು, ಕೊಯ್ದು ಚೆಲ್ಲೋದು! ನಮ್ಮ ಎಮ್ಮಿ ಮುಂದ ಹೇಳಬ್ಯಾಡ್ರಿ, ನಕ್ಕು ಹಾಲ ಬಿಡೂದಿಲ್ಲ.”

ಕ್ಷೌರ ಮಾಡಿಸಿಕೊಂಡ ಹಾಗೆ ಎಂದು ಸಮರ್ಥಿಸಿಕೊಂಡೆ. “ಕ್ಷೌರ ಮಾಡಸಾಕಂತ ಯಾರರೆ ತಲಿಗಿ ಗೊಬ್ಬರ ಹಾಕ್ತಾರೇನ್ರಿ?” ಎಂದ. ನನ್ನ ಬೋಳುತಲೆಯ ಕಡೆ ನೋಡಿ ತಕ್ಷಣ ಸುಮ್ಮನಾದ. ಸಂಸ್ಕಾರವಂತ.

ದಿನಕ್ಕೆ ಎರಡು ಬಕೆಟ್ ಹಾಕಿದೆ. ಆರನೆಯ ದಿನ ಅಂಚು ಹಳದಿ, ಹತ್ತನೆಯ ದಿನ ಎಲ್ಲವೂ ಹಳೆ ಕಸಬರಿಗೆಯ ಬಣ್ಣ. ಆದರೆ ನನ್ನ ಕುತೂಹಲ ಕೆರಳಿಸಿದ್ದು ಅದಲ್ಲ. ಅಲ್ಲಿಂದ ಒಂದೇ ಅಡಿ ದೂರದಲ್ಲಿ, ಒಗೆಯುವ ಕಲ್ಲಿನ ಬಿರುಕಿನಲ್ಲಿ, ಯಾರೂ ನೀರು ಹಾಕದ, ಸೋಪಿನ ನೊರೆ ಕುಡಿದ ಕರಿಕಿ ಕಡುಹಸಿರಾಗಿ ನಿಂತಿತ್ತು. ಗಣಪತಿಗೆ ಏರಿಸುತ್ತೇವಲ್ಲ, ಅದೇ. ಯಾಕೆ ಹೀಗೆ?

ಕ್ಲಿನಿಕ್ಕಿನ ಹಳೆಯ ಡ್ರಾಯರುಗಳು ಈಗ ನನ್ನ ಕೋಣೆಯಲ್ಲಿವೆ. ಹಲ್ಲು ನೋಡುವ ಪುಟ್ಟ ಕನ್ನಡಿ ಹುಡುಕಿ ತಂದು, ಹಿತ್ತಿಲಲ್ಲಿ ಹೊಟ್ಟೆಯ ಮೇಲೆ ಮಲಗಿ ಕರಿಕಿಯ ಬಾಯಿ ನೋಡಿದೆ. ಗೋಡೆಯಾಚೆಯಿಂದ ಸಿದ್ದರಾಮಪ್ಪನವರು “ಅಮ್ಮಾರ, ಡಾಕ್ಟ್ರು ಬಿದ್ದಾರ!” ಎಂದು ಕೂಗಿದರು. “ಬಿದ್ದಿಲ್ಲರಿ, ಮೇಯಲಿಕ್ಕತ್ತಾರ” ಎಂದಳು ನಿನ್ನಮ್ಮ.

ಏನು ಕಂಡಿತು ಗೊತ್ತೆ? ಗೊತ್ತು, ನಿನಗೆ ಗೊತ್ತೇ ಇರುತ್ತದೆ. ಗಿಣ್ಣುಗಿಣ್ಣಿಗೂ ಬೇರು. ಮೇಲೆ ಬೆರಳುದ್ದ, ಕೆಳಗೆ ನನ್ನ ಚಿಮಟಿಗೆ ನಿಲುಕದಷ್ಟು ಆಳ. ಒಂದು ತುಂಡು ಕಿತ್ತು ಬಿಸಾಡಿದೆ, ಬಿದ್ದಲ್ಲೇ ಐದು ದಿನಕ್ಕೆ ನೆಲ ಕಚ್ಚಿತು. ನನ್ನ ಕಸುಬಿನಲ್ಲಿ ಕಿತ್ತರೆ ಮುಗಿಯಿತು. ನಿನ್ನ ಕಸುಬಿನಲ್ಲಿ ಕಿತ್ತ ಮೇಲೇ ಶುರು.

ಹಲ್ಲಿಗೂ ಹುಲ್ಲಿಗೂ ಒಂದು ಕೊಂಬಿನ ಅಂತರ. ಬೇಗಂಪೇಟೆಯ ಕ್ಲಿನಿಕ್ಕಿನ ಬೋರ್ಡಿನಲ್ಲಿ ನಿನ್ನ ಹೆಸರು ಬರೆಸಿದ್ದೆ, ಬಣ್ಣ ಆರುವ ಮೊದಲೇ ನೀನು ಹಲ್ಲು ಬಿಟ್ಟು ಹುಲ್ಲು ಹಿಡಿದೆ. ಆ ಕೊಂಬು ಅಂದು ನನ್ನ ತಲೆಯ ಮೇಲೆ ಮೂಡಿತ್ತು. ನೀನು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ, “ಇವತ್ತಿನಿಂದ ನೀನು ನನಗೆ ಹುಲ್ಲುಕಡ್ಡಿಗೆ ಸಮ” ಎಂದೆ. ಅಮ್ಮ ಕೇಳಿಸಿಕೊಂಡಳು, ಆಟೋದವನೂ ಕೇಳಿಸಿಕೊಂಡ. ಎಂಥ ಮಾತುಗಾರನಾದರೂ ಉಪಮೆ ಕೊಡುವ ಮುಂಚೆ ವಸ್ತುವನ್ನು ಒಮ್ಮೆ ನೋಡಿರಬೇಕು. ನಾನು ಹುಲ್ಲುಕಡ್ಡಿಯನ್ನು ನೋಡಿಯೇ ಇರಲಿಲ್ಲ. ಮೊನ್ನೆ ನೋಡಿದೆ. ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೋ, ಅಥವಾ ಈಗ ಮೊದಲ ಬಾರಿಗೆ ಅರ್ಥ ತಿಳಿದು ಹೇಳಬೇಕೋ, ಅದೇ ಗೊಂದಲ.

ಲಾನ್ ವಿಚಾರದಲ್ಲಿ ಮನೆಯಲ್ಲಿ ಹೀಗಿದೆ: ಸಿದ್ದರಾಮಪ್ಪನವರು ಹಾಕಿ ಎನ್ನುತ್ತಾರೆ, ಗೋದಾವರಿ ಬೇಡ ಎನ್ನುತ್ತಾಳೆ, ಗೊಲ್ಲಾಳಪ್ಪ ಎಮ್ಮೆ ತಗೊಳ್ರಿ ಎನ್ನುತ್ತಾನೆ. (ಅವನ ದವಡೆಹಲ್ಲನ್ನು ಗೆಳೆಯರ ಕ್ಲಿನಿಕ್ಕಿನಲ್ಲಿ ಕೂರಿಸಿ ನಾನೇ ಕಿತ್ತೆ. “ಇದು ಮತ್ತ ಚಿಗರೂದಿಲ್ಲಲ್ರಿ?” ಎಂದು ಕೇಳಿದ.) ಒಣಗಿದ ಚಾಪೆಯನ್ನು ಕಿತ್ತುಹಾಕಿಸಿದ್ದೇನೆ. ಮೂರಡಿ ನೆಲ ಬಾಯಿ ತೆರೆದುಕೊಂಡು, ಡಾಕ್ಟರು ಬರುವುದನ್ನು ಕಾಯುತ್ತಿದೆ.

ಅಲ್ಲಿಯ ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊ. ಊಟ ತಪ್ಪಿಸಬೇಡ. ನೀನು ನಡೆದಲ್ಲೆಲ್ಲ ನೆಲ ಹಸಿರಾಗಲಿ, ನಿನ್ನ ಹಲ್ಲು ಕೊನೆಯವರೆಗೂ ಗಟ್ಟಿ ಇರಲಿ. ಇವೆರಡಕ್ಕಿಂತ ದೊಡ್ಡ ಹರಕೆ ನನಗೆ ಬರುವುದಿಲ್ಲ.

ಇಂತು ನಿನ್ನ ಅಪ್ಪ,
ದತ್ತಾತ್ರೇಯ

ತಾ.ಕ.: ಮೇಲೆ ‘ನಿನ್ನ ಪತ್ರಕ್ಕೆ ಉತ್ತರ’ ಎಂದು ಬರೆದೆ. ಅದು ಅರ್ಧ ಸುಳ್ಳು. ನಾಲ್ಕು ವರ್ಷದ ಹಿಂದೆ ಭುಜ್‌ನಿಂದ ಬಂದ ನಿನ್ನ ಲಕೋಟೆಯನ್ನು ನಾನು ಒಡೆದೇ ಇರಲಿಲ್ಲ. ಡ್ರಾಯರಿನಲ್ಲಿ ಪ್ಲಾಸ್ಟರಿನ ದವಡೆಯ ಕೆಳಗೆ ತಳ್ಳಿದ್ದೆ. ಕನ್ನಡಿ ಹುಡುಕುವಾಗ ಕೈಗೆ ಸಿಕ್ಕಿತು. ಒಳಗೆ ಕಾಗದದ ಪೊಟ್ಟಣದಲ್ಲಿ ಬೀಜ, ಜೊತೆಗೆ ಎರಡೇ ಸಾಲು: ‘ಅಪ್ಪಾ, ಹಿತ್ತಿಲಲ್ಲಿ ಉದುರಿಸಿ ನೋಡು. ಇದು ಹೆಚ್ಚು ನೀರು ಕೇಳುವುದಿಲ್ಲ. ಮೊಳೆತರೆ ಫೋನ್ ಮಾಡು.’

ನಾಲ್ಕು ವರ್ಷ ನೀನು ಆ ಫೋನಿಗೆ ಕಾದಿದ್ದೀಯ, ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಓದಿದ್ದೇನೆ. ಗೊಲ್ಲಾಳಪ್ಪನ ಘಾಸ್‌ಗೆ ಗುಡಿಸು ಕೊಟ್ಟರೆ ಘಾಸಿ. ಗುಡಿಸಿದರೂ ಹೋಗುವುದಿಲ್ಲ.

ಇಪ್ಪತ್ತೊಂದು ಬೀಜ ಎಣಿಸಿ, ಹಲ್ಲಿಗೆ ಇಡುವ ಹತ್ತಿಯನ್ನು ಒದ್ದೆ ಮಾಡಿ, ಟ್ರೇಯಲ್ಲಿ ಹರಡಿ ಇಟ್ಟಿದ್ದೇನೆ. ಇವತ್ತಿಗೆ ಹದಿನಾಲ್ಕು ದಿನ. ಒಂದೂ ಮೊಳೆತಿಲ್ಲ. ಇಷ್ಟು ವರ್ಷ ಕತ್ತಲಲ್ಲಿಟ್ಟರೆ ಹುಲ್ಲಿನ ಬೀಜ ಸತ್ತುಹೋಗುತ್ತದೆಯೋ, ಇಲ್ಲಾ ಮುನಿಸಿಕೊಂಡು ಮಲಗಿರುತ್ತದೆಯೋ? ಪುಸ್ತಕದಲ್ಲಿ ಎರಡೂ ಉಂಟು ಎಂದಿದೆ. ಮಲಗಿದ್ದರೆ ಎಬ್ಬಿಸುವುದು ಹೇಗೆ, ಡಾಕ್ಟರೇ?